ಒಬ್ಬನೇ ಮಾಣಿ, ನೂರು ಚೀಟಿ

ಹೋದ ಮಳೆಗಾಲದ ಒಂದು ರಾತ್ರಿ. ಗಂಟೆ ಹತ್ತಾಗುತ್ತ ಬಂದಿತ್ತು. ನಮ್ಮ ಬಡಾವಣೆಯ ಔಷಧಿ ಅಂಗಡಿಯವರು ಆಗಲೇ ಅರ್ಧ ಷಟರ್ ಎಳೆದಿದ್ದರು. ರಕ್ತದೊತ್ತಡದ ಮಾತ್ರೆ ಮುಗಿದಿದೆ ಎಂಬುದು ರಾತ್ರಿ ಊಟವಾದ ಮೇಲೆಯೇ ನೆನಪಾಗುವುದು ನನ್ನ ಹಳೆಯ ಚಾಳಿ. ಹಾಗಾಗಿ ನಾನೂ ಕೊಡೆ ಮಡಚಿಕೊಂಡು ಅಲ್ಲಿ ನಿಂತಿದ್ದೆ.

ನನ್ನ ಮುಂದೆ ಗಾರೆ ಕೆಲಸದವರೊಬ್ಬರಿದ್ದರು. ಅಂಗಿಯ ತೋಳಿನ ಮೇಲೆ ಒಣಗಿದ ಸಿಮೆಂಟಿನ ಕಲೆ. ಮನೆಯಲ್ಲಿ ಮಗಳಿಗೆ ಉಬ್ಬಸ ಹೆಚ್ಚಾಗಿತ್ತು. ಡಾಕ್ಟರು ಬರೆದುಕೊಟ್ಟ ಇನ್‌ಹೇಲರು, ಅದರ ಜೊತೆಗಿನ ಪ್ಲಾಸ್ಟಿಕ್ ಕೊಳವೆ, ಒಂದು ಸಿರಪ್ಪು, ಎಲ್ಲ ಸೇರಿ 640 ರೂಪಾಯಿ. ಅವರು ಗಾಜಿಗೆ ಅಂಟಿಸಿದ್ದ ಕ್ಯೂಆರ್ ಕೋಡಿಗೆ ಫೋನು ಹಿಡಿದರು. ಮೊತ್ತ ಒತ್ತಿದರು, ಪಿನ್ ಒತ್ತಿದರು. ಅಷ್ಟೇ. ಪರದೆ ಕಲ್ಲಾಗಿ ಕೂತಿತು.

ಒಮ್ಮೆ ಒತ್ತಿದರು, ಮತ್ತೊಮ್ಮೆ ಒತ್ತಿದರು. ಹೆಬ್ಬೆರಳು ಒರಟಾಗಿದ್ದರಿಂದ ಹೀಗಾಯಿತೇನೋ ಎಂದುಕೊಂಡು ಬೆರಳನ್ನು ಪಂಚೆಗೆ ಒರೆಸಿಕೊಂಡು ಇನ್ನೊಮ್ಮೆ ಒತ್ತಿದರು. ಹಣ ಬಂತೆಂದು ಕೂಗುವ ಅಂಗಡಿಯ ಡಬ್ಬಿಯೂ ತೆಪ್ಪಗಿತ್ತು. ಕೊನೆಗೆ ಪರದೆಯ ಮೇಲೊಂದು ಚೌಕ ಮೂಡಿತು: ಈ ಆ್ಯಪ್ ಪ್ರತಿಕ್ರಿಯಿಸುತ್ತಿಲ್ಲ, ಮುಚ್ಚುತ್ತೀರೋ ಕಾಯುತ್ತೀರೋ? ಮಗಳಿಗೆ ಉಸಿರು ಕಟ್ಟುತ್ತಿರುವಾಗ ಕಾಯುವುದು ಯಾರಿಂದಾದೀತು? ಮುಚ್ಚಿದರು. ಮತ್ತೆ ತೆರೆದರು, ಮತ್ತೆ 640, ಮತ್ತೆ ಪಿನ್. ಈ ಸಲ ಡಬ್ಬಿ ಕೂಗಿತು. ಪೊಟ್ಟಣ ಕಸಿದುಕೊಂಡವರಂತೆ ಮಳೆಯಲ್ಲೇ ಓಡಿದರು.

ಅವರು ತಿರುವಿನಲ್ಲಿ ಮರೆಯಾಗಿ ನಾನು ನನ್ನ ಮಾತ್ರೆಯ ಹೆಸರು ಹೇಳುವ ಹೊತ್ತಿಗೆ ಡಬ್ಬಿ ಇನ್ನೊಮ್ಮೆ ಕೂಗಿತು. ಅದೇ 640. ಅಂಗಡಿಯವರೂ ನಾನೂ ಮುಖ ಮುಖ ನೋಡಿಕೊಂಡೆವು.

ಇದೆಲ್ಲ ನೆನಪಾದದ್ದು ಚೌತಿ ಹಬ್ಬಕ್ಕೆ ಅಕ್ಕನ ಮಗ ಬೆಂಗಳೂರಿನಿಂದ ಬಂದಾಗ. ಫೋನಿನಲ್ಲಿ ಓಡುವ ಆ್ಯಪ್‌ಗಳನ್ನು ಬರೆಯುವುದೇ ಅವನ ಹೊಟ್ಟೆಪಾಡು. ಕಡುಬಿನ ತಟ್ಟೆಯ ಮುಂದೆ ಕೂತವನನ್ನು ಹಿಡಿದು ಕೇಳಿಯೇಬಿಟ್ಟೆ: ‘ಏನಪ್ಪಾ, ಚಂದ್ರನ ಮೇಲೆ ನೌಕೆ ಇಳಿಸುವ ಕಾಲ ಇದು. ಒಂದು ಗುಂಡಿ ಒತ್ತಿದರೆ ನಿಮ್ಮ ಫೋನು ಯಾಕಯ್ಯಾ ಹೀಗೆ ಮೂರ್ಛೆ ಹೋಗುತ್ತದೆ?’

‘ಫೋನು ಮೂರ್ಛೆ ಹೋಗಿರಲ್ಲ ಮಾವ. ಅದರೊಳಗಿನ ಒಬ್ಬನೇ ಒಬ್ಬ ಆಸಾಮಿ ಎಲ್ಲೋ ಸಿಕ್ಕಿಹಾಕಿಕೊಂಡಿರ್ತಾನೆ ಅಷ್ಟೇ’ ಎಂದ.

ಆ ಆಸಾಮಿಯ ಹೆಸರು ಮೇನ್ ಥ್ರೆಡ್. ಥ್ರೆಡ್ ಎಂದರೆ ಎಳೆ, ಒಂದರ ಹಿಂದೆ ಒಂದರಂತೆ ಸಾಗುವ ಕೆಲಸಗಳ ಎಳೆ. ಒಂದು ಆ್ಯಪ್‌ನೊಳಗೆ ಇಂಥ ಎಳೆಗಳು ಹತ್ತಾರು ಇರಬಹುದು. ಆದರೆ ಮುಖ್ಯ ಎಳೆ ಒಂದೇ. ಪರದೆಯ ಮೇಲೆ ಅಕ್ಷರ ಮೂಡಿಸುವುದು, ಚಿತ್ರ ಸರಿಸುವುದು, ನಿಮ್ಮ ಬೆರಳು ಎಲ್ಲಿ ತಾಗಿತೆಂದು ತಿಳಿಯುವುದು, ತಾಗಿದ್ದಕ್ಕೆ ಉತ್ತರ ಕೊಡುವುದು, ಇವೆಲ್ಲ ಆ ಒಂದೇ ಎಳೆಯ ಜವಾಬ್ದಾರಿ. ಆಂಡ್ರಾಯ್ಡ್ ಇರಲಿ, ಐಫೋನ್ ಇರಲಿ, ಎರಡರದ್ದೂ ಇದೇ ಪದ್ಧತಿ.

ನನಗೆ ತಟ್ಟನೆ ನೆನಪಾದದ್ದು ನಮ್ಮ ಕಾಲೇಜು ದಿನಗಳ ಉಡುಪಿ ಹೋಟೆಲು. ಆರು ಮೇಜು, ಒಬ್ಬನೇ ಮಾಣಿ. ಗಿರಾಕಿ ಬಂದೊಡನೆ ಲೋಟಕ್ಕೆ ನೀರಿಟ್ಟು, ಇಡ್ಲಿ, ವಡೆ, ದೋಸೆ, ಶಿರಾ ಎಂದು ಉಸಿರು ಬಿಡದೆ ಒಪ್ಪಿಸಿ, ಕೇಳಿದ್ದನ್ನು ಅಡುಗೆಮನೆಯ ಕಿಂಡಿಯಲ್ಲಿ ಕೂಗಿ, ಮುಂದಿನ ಮೇಜಿಗೆ ಹಾರುತ್ತಿದ್ದ. ಒಳಗೆ ದೋಸೆ ಹುಯ್ಯುವವರು, ರುಬ್ಬುವವರು, ತೊಳೆಯುವವರು ಎಷ್ಟು ಮಂದಿ ಇದ್ದರೋ ನಮಗೆ ಗೊತ್ತಿರಲಿಲ್ಲ. ನಮ್ಮ ಪಾಲಿಗೆ ಹೋಟೆಲು ಎಂದರೆ ಆ ಮಾಣಿಯೇ. ಅವನು ಚುರುಕಾಗಿದ್ದರೆ ಹೋಟೆಲು ಚುರುಕು.

ಈಗ ಊಹಿಸಿ. ಯಾರೋ ಮಸಾಲೆ ದೋಸೆ ಕೇಳುತ್ತಾರೆ. ಮಾಣಿ ಕಿಂಡಿಯಲ್ಲಿ ಕೂಗುವ ಬದಲು ತಾನೇ ಒಳಗೆ ಹೋಗಿ, ಕಾವಲಿಗೆ ನೀರು ಚಿಮುಕಿಸಿ, ಹಿಟ್ಟು ಹುಯ್ದು, ದೋಸೆ ಕೆಂಪಾಗುವ ತನಕ ನಿಂತುಬಿಡುತ್ತಾನೆ. ಹೊರಗೆ ಒಬ್ಬರಿಗೆ ನೀರು ಬೇಕು, ಇನ್ನೊಬ್ಬರಿಗೆ ಬಿಲ್ಲು ಬೇಕು, ಮತ್ತೊಬ್ಬರು ‘ಏ ಮಾಣಿ’ ಎಂದು ಮೇಜು ಬಡಿಯುತ್ತಿದ್ದಾರೆ. ಕೇಳುವವರಿಲ್ಲ. ಹೋಟೆಲಿಗೆ ಬೀಗ ಬಿದ್ದಿಲ್ಲ, ಒಲೆ ಆರಿಲ್ಲ. ಆದರೂ ಗಿರಾಕಿಗಳ ಪಾಲಿಗೆ ಹೋಟೆಲು ಸತ್ತಂತೆಯೇ. ಗಾರೆಯವರ ಫೋನಿನಲ್ಲಿ ಆದದ್ದು ಇದೇ ಜಾತಿಯ ಅವಘಡ.

‘ನಿನ್ನ ಫೋನಿನಲ್ಲಿ ಎಂಟು ಮಿದುಳುಗಳಿವೆ ಅಂತ ಜಾಹೀರಾತು ಹೇಳುತ್ತದಲ್ಲ. ಇನ್ನೊಬ್ಬ ಮಾಣಿಯನ್ನು ಇಟ್ಟರೆ ಏನು ಗಂಟು ಹೋಗುತ್ತದೆ?’ ಎಂದೆ.

ಇದು ನನ್ನೊಬ್ಬನ ದಡ್ಡ ಪ್ರಶ್ನೆಯಲ್ಲ. ದೊಡ್ಡ ದೊಡ್ಡವರು ಕೇಳಿ, ಪ್ರಯತ್ನಿಸಿ, ಕೈಸುಟ್ಟುಕೊಂಡ ಪ್ರಶ್ನೆ. ಪರದೆಯ ಕೆಲಸವನ್ನು ಹಲವು ಎಳೆಗಳು ಒಟ್ಟಿಗೆ ಮಾಡಲಿ ಎಂಬ ಕನಸು ಹಲವರಿಗೆ ಇತ್ತು. ಜಾವಾ ಭಾಷೆಯ ಮೊದಲ ಪರದೆ ಸಲಕರಣೆಯಾದ ಎಡಬ್ಲ್ಯುಟಿ ಆ ಹಾದಿ ಹಿಡಿದಿತ್ತು. ಅದರ ನಂತರ ಬಂದ ಸ್ವಿಂಗ್ ಒಂದೇ ಎಳೆಯ ಕಟ್ಟುಪಾಡಿಗೆ ಮರಳಿತು. ಸನ್ ಕಂಪನಿಯ ಗ್ರಹಾಂ ಹ್ಯಾಮಿಲ್ಟನ್ 2004ರಲ್ಲಿ ಬರೆದ ಒಂದು ಲೇಖನದಲ್ಲಿ ಇದನ್ನು ಸೋತ ಕನಸೆಂದೇ ಚರ್ಚಿಸಿದರು.

ಯಾಕೆ ಸೋತಿತು? ಆಗುಂಬೆ ಘಾಟಿಯ ತಿರುವಿನಲ್ಲಿ ಎದುರುಬದುರಾದ ಎರಡು ಲಾರಿಗಳನ್ನು ನೋಡಿದ್ದೀರಲ್ಲ, ಹಾಗೆ. ಬೆರಳಿನ ಸ್ಪರ್ಶ ಕೆಳಗಿನಿಂದ ಮೇಲಕ್ಕೆ ಬರುತ್ತದೆ. ಮೊದಲು ಗಾಜು, ಆಮೇಲೆ ಫೋನಿನ ಕಾರ್ಯವ್ಯವಸ್ಥೆ, ಕೊನೆಗೆ ಆ್ಯಪ್. ‘ಈ ಚಿತ್ರ ಬರೆ’ ಎಂಬ ಆಜ್ಞೆ ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ. ಹಲವರು ಓಡಾಡುವ ಕಡೆ ಒಬ್ಬರ ಕೆಲಸವನ್ನು ಇನ್ನೊಬ್ಬರು ಕೆಡಿಸದಂತೆ ಬಾಗಿಲು ಬಾಗಿಲಿಗೂ ಬೀಗ ಬೇಕು. ಏರುವವನು ಕೆಳಗಿನ ಬೀಗ ಹಿಡಿದು ಮೇಲಿನದಕ್ಕೆ ಕಾಯುತ್ತಾನೆ. ಇಳಿಯುವವನು ಮೇಲಿನ ಬೀಗ ಹಿಡಿದು ಕೆಳಗಿನದಕ್ಕೆ ಕಾಯುತ್ತಾನೆ. ಇಬ್ಬರೂ ಹಿಂದೆ ಸರಿಯುವವರಲ್ಲ. ಅಲ್ಲಿಗೆ ಘಾಟಿ ಬಂದ್. ಈ ತಂಟೆಯೇ ಬೇಡವೆಂದು ಎಲ್ಲರೂ ಕೊನೆಗೆ ಒಪ್ಪಿಕೊಂಡ ಸರಳ ನಿಯಮ ಇದು: ಒಳಗೆ ಎಷ್ಟು ಮಂದಿ ಬೇಕಾದರೂ ದುಡಿಯಲಿ, ಮೇಜಿನ ಮೇಲೆ ತಟ್ಟೆ ಇಡುವವನು ಮಾತ್ರ ಒಬ್ಬನೇ.

ಒಬ್ಬನೇ ಆದ ಮೇಲೆ ಪ್ರಶ್ನೆಯೆಲ್ಲ ಅವನ ಸಮಯದ್ದು. ಅವನಿಗೆ ಎಷ್ಟು ಹೊತ್ತಿದೆ?

ಸಾಮಾನ್ಯ ಫೋನಿನ ಪರದೆ ಸೆಕೆಂಡಿಗೆ 60 ಸಲ ಹೊಸ ಚಿತ್ರ ತೋರಿಸುತ್ತದೆ. ಲೆಕ್ಕ ಹಾಕಿ. ಒಂದು ಚಿತ್ರಕ್ಕೆ ಸಿಗುವುದು 16 ಮಿಲಿಸೆಕೆಂಡಿಗಿಂತ ತುಸು ಹೆಚ್ಚು, ಅಷ್ಟೇ. ಸೆಕೆಂಡಿಗೆ 120 ಸಲ ಬದಲಾಗುವ ದುಬಾರಿ ಪರದೆಗಳಲ್ಲಿ ಇದು ಸುಮಾರು 8 ಮಿಲಿಸೆಕೆಂಡಿಗೆ ಇಳಿಯುತ್ತದೆ. ನೀವು ಎಷ್ಟೇ ಬೇಗ ಕಣ್ಣು ಮಿಟುಕಿಸಿದರೂ 100 ಮಿಲಿಸೆಕೆಂಡು ಬೇಕು. ಅಷ್ಟರಲ್ಲಿ ನಮ್ಮ ಮಾಣಿ ಆರು ಮೇಜು ಸುತ್ತಿ ಬಂದಿರಬೇಕು. ಒಂದು ಸುತ್ತು ತಪ್ಪಿದರೆ ಪರದೆ ತುಸು ಜರ್ಕು ಹೊಡೆಯುತ್ತದೆ. ಹತ್ತು ಸುತ್ತು ತಪ್ಪಿದರೆ ಎಡವಿದಂತೆ ಕಾಣುತ್ತದೆ. 700 ಮಿಲಿಸೆಕೆಂಡು ದಾಟಿದರೆ ಗೂಗಲ್‌ನವರ ಲೆಕ್ಕದಲ್ಲಿ ಅದು ಹೆಪ್ಪುಗಟ್ಟಿದ ಚಿತ್ರ. ಬೆರಳು ತಾಗಿ 5 ಸೆಕೆಂಡಾದರೂ ಉತ್ತರವಿಲ್ಲವೆಂದರೆ ಆಂಡ್ರಾಯ್ಡ್ ವ್ಯವಸ್ಥೆ ಗಲ್ಲಾದಿಂದ ಏಳುತ್ತದೆ. ಗಾರೆಯವರು ಕಂಡ ಆ ಚೌಕವನ್ನು ತೋರಿಸುತ್ತದೆ.

ಮನುಷ್ಯನ ತಾಳ್ಮೆಯ ಅಳತೆಯೂ ಇದಕ್ಕೆ ದೂರವಿಲ್ಲ. ಜೇಕಬ್ ನೀಲ್ಸನ್ 1993ರ ತಮ್ಮ ಪುಸ್ತಕದಲ್ಲಿ ಮೂರು ಗೆರೆ ಎಳೆದಿದ್ದರು. ಸೆಕೆಂಡಿನ ಹತ್ತನೇ ಒಂದು ಭಾಗದೊಳಗೆ ಉತ್ತರ ಬಂದರೆ ‘ನಾನೇ ಮಾಡಿದೆ’ ಎನ್ನಿಸುತ್ತದೆ. ಒಂದು ಸೆಕೆಂಡಾದರೆ ತಡವಾಯಿತೆಂದು ತಿಳಿಯುತ್ತದೆ, ಆದರೂ ಯೋಚನೆಯ ಎಳೆ ಕಡಿಯುವುದಿಲ್ಲ. ಹತ್ತು ಸೆಕೆಂಡಾದರೆ ಮನಸ್ಸು ಬೇರೆಡೆ ಹೊರಟಿರುತ್ತದೆ. ಮಗಳು ಏದುಸಿರು ಬಿಡುತ್ತಿರುವಾಗ ಈ ಗೆರೆಗಳೂ ಅಳಿಸಿಹೋಗುತ್ತವೆ ಎಂಬುದು ನನ್ನ ಸೇರ್ಪಡೆ.

ಐಫೋನಿನ ಯಜಮಾನ ಇನ್ನೂ ಖಡಕ್ಕು. ಆ್ಯಪ್ ಶುರುವಾಗಲು ಸುಮಾರು 20 ಸೆಕೆಂಡಿಗಿಂತ ಹೆಚ್ಚು ತಿಣುಕಿದರೆ ಕೇಳುವುದೂ ಇಲ್ಲ, ಕತ್ತು ಹಿಡಿದು ಹೊರಗೆ ದಬ್ಬುತ್ತಾನೆ. ಹಾಗೆ ಸತ್ತ ಆ್ಯಪ್‌ನ ಮರಣಪತ್ರದಲ್ಲಿ ಅಂಕಿ ಅಕ್ಷರ ಬೆರೆತ ಒಂದು ಸಂಕೇತ ಇರುತ್ತದೆ. ಅದನ್ನು ಕೂಡಿಸಿ ಓದಿದರೆ ‘ಏಟ್ ಬ್ಯಾಡ್ ಫುಡ್’ ಎಂದಾಗುತ್ತದೆ, ಕೆಟ್ಟದ್ದು ತಿಂದು ಸತ್ತಿತು ಅಂತ! ನಮ್ಮ ಹೋಟೆಲಿನ ಕತೆಗೆ ಎಷ್ಟು ಚೆನ್ನಾಗಿ ಹೊಂದುತ್ತದೆ ನೋಡಿ.

ಇಷ್ಟು ಕಡಿಮೆ ಹೊತ್ತಿನಲ್ಲಿ ಇಷ್ಟೊಂದು ಕೆಲಸ ಆಗಬೇಕಾದರೆ ಯಾವುದು ಮೊದಲು, ಯಾವುದು ಆಮೇಲೆ ಎಂಬ ಕ್ರಮ ಬೇಕೇಬೇಕು. ಮಾಣಿಯ ಬಳಿ ಒಂದು ಚೀಟಿ ಸಾಲು ಇದೆ. ಯಾರಿಗೆ ಏನು ಬೇಕಿದ್ದರೂ ಚೀಟಿ ಬರೆದು ಸಾಲಿಗೆ ಸೇರಿಸಬೇಕು. ಅವನು ಒಂದು ಚೀಟಿ ಎತ್ತುತ್ತಾನೆ, ಮುಗಿಸುತ್ತಾನೆ, ಮುಂದಿನದನ್ನು ಎತ್ತುತ್ತಾನೆ. ಎತ್ತಿದ ಚೀಟಿ ಮುಗಿಯುವ ತನಕ ಮತ್ತೊಂದನ್ನು ಮುಟ್ಟುವಂತಿಲ್ಲ. ಮೊದಲೆಲ್ಲ ಪರದೆ ಬರೆಯುವ ಚೀಟಿಯೂ ಉಳಿದವುಗಳ ಜೊತೆ ಗುಂಪಿನಲ್ಲಿ ಗೋವಿಂದ ಎಂಬಂತಿತ್ತು. ಹಾಗಾಗಿ ಹಳೆಯ ಆಂಡ್ರಾಯ್ಡ್ ಫೋನುಗಳು ಸದಾ ಕುಂಟುತ್ತಿದ್ದವು. 2012ರಲ್ಲಿ ಬಂದ ಜೆಲ್ಲಿ ಬೀನ್ ಆವೃತ್ತಿಯಲ್ಲಿ ಗೂಗಲ್‌ನವರು ಇದಕ್ಕೊಂದು ತಾಳ ಹಾಕಿಕೊಟ್ಟರು. ಆ ಯೋಜನೆಗೆ ಇಟ್ಟ ಹೆಸರು ಪ್ರಾಜೆಕ್ಟ್ ಬಟರ್, ಬೆಣ್ಣೆಯಂತೆ ಜಾರಲಿ ಎಂದು.

ಆ ತಾಳ ಹಾಕುವವನನ್ನು ಕೊರಿಯೋಗ್ರಾಫರ್ ಎನ್ನುತ್ತಾರೆ, ನೃತ್ಯ ಸಂಯೋಜಕ. ಪರದೆ ಹೊಸ ಚಿತ್ರಕ್ಕೆ ಸಿದ್ಧವಾದಾಗಲೆಲ್ಲ ಒಂದು ಪೆಟ್ಟು ಬೀಳುತ್ತದೆ. ಆ ಪೆಟ್ಟಿಗೆ ಸರಿಯಾಗಿ ಮೊದಲು ಬೆರಳಿನ ಸ್ಪರ್ಶ ಗಮನಿಸು, ಆಮೇಲೆ ಚಲನೆಯ ಲೆಕ್ಕ ಮಾಡು, ಕೊನೆಗೆ ಅಳತೆ ಹಾಕಿ ಚಿತ್ರ ಬರೆ. ಇದು ಕ್ರಮ. ಮೊದಲ ಸ್ಥಾನ ಬೆರಳಿಗೆ. ಕೆಲಸದ ಸಾಲಿನಲ್ಲಿ ಮನುಷ್ಯನೇ ಮುಂದೆ ನಿಲ್ಲಬೇಕು ಎಂದು ಬರೆದಿಟ್ಟ ಈ ನಿಯಮ ನನಗೆ ಬಲು ಹಿಡಿಸಿತು.

ನಿಯಮವೇನೋ ಇದೆ. ಆದರೆ ಮಾಣಿ ದೋಸೆ ಹುಯ್ಯಲು ನಿಂತರೆ ಯಾವ ತಾಳ ಏನು ಮಾಡೀತು? ಆದ್ದರಿಂದ ಭಾರದ ಕೆಲಸವನ್ನೆಲ್ಲ ಅಡುಗೆಮನೆಗೆ ಕಳಿಸಿ ಎಂಬುದು ಮೊದಲ ಪಾಠ. ದೂರದ ಬ್ಯಾಂಕಿನ ಗಣಕದೊಡನೆ ಮಾತು, ಫೋನಿನ ಉಗ್ರಾಣದಿಂದ ಓದು ಬರಹ, ದೊಡ್ಡ ಫೋಟೋ ಬಿಚ್ಚುವುದು, ಇವು ಯಾವುವೂ ಮಾಣಿಯ ಕೆಲಸವಲ್ಲ. 2011ರ ಹನಿಕೋಂಬ್ ಆವೃತ್ತಿಯಿಂದ ಆಂಡ್ರಾಯ್ಡ್ ಇದನ್ನು ಕಾನೂನನ್ನೇ ಮಾಡಿತು. ಆ ಆವೃತ್ತಿಗೆಂದು ಬರೆದ ಆ್ಯಪ್ ಮುಖ್ಯ ಎಳೆಯಲ್ಲಿ ನಿಂತು ಇಂಟರ್ನೆಟ್ಟಿಗೆ ಕೈಚಾಚಿದರೆ ಅಲ್ಲಿಯೇ ಕೆಡವಿ ಬೀಳಿಸುತ್ತದೆ. ಆ್ಯಪಲ್‌ನವರು 2009ರಲ್ಲಿ ಮ್ಯಾಕ್‌ಗೂ, ಮರುವರ್ಷ ಐಫೋನಿಗೂ ತಂದ ಗ್ರ್ಯಾಂಡ್ ಸೆಂಟ್ರಲ್ ಡಿಸ್ಪ್ಯಾಚ್ ಕೂಡ ಇದೇ ಉದ್ದೇಶದ್ದು. ನ್ಯೂಯಾರ್ಕಿನ ದೊಡ್ಡ ರೈಲು ನಿಲ್ದಾಣದ ಹೆಸರಿನ ಆ ಏರ್ಪಾಟು, ಯಾವ ಕೆಲಸ ಯಾವ ಹಳಿಗೆ ಎಂದು ಹಂಚುತ್ತದೆ. ಈಚಿನ ಕೋಟ್ಲಿನ್, ಸ್ವಿಫ್ಟ್ ಭಾಷೆಗಳಲ್ಲಂತೂ ‘ಇದು ಒಳಗೆ ನಡೆಯಲಿ, ಮುಗಿದೊಡನೆ ಹೊರಗೆ ಬಂದು ಹೇಳಲಿ’ ಎಂಬುದನ್ನು ಒಂದೆರಡು ಪದಗಳಲ್ಲೇ ಬರೆಯಬಹುದಂತೆ.

‘ಹಾಗಿದ್ದ ಮೇಲೂ ಯಾಕೆ ಸಿಕ್ಕಿಕೊಳ್ಳುತ್ತದೆ?’

ಹುಡುಗ ಕಡುಬು ಮುರಿಯುವುದನ್ನು ನಿಲ್ಲಿಸಿದ. ‘ಮಾವ, ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷ ಒಂದು ತಪ್ಪು ಮಾಡಿದ್ದೆ’ ಎಂದ.

ಆ್ಯಪ್ ತೆರೆದೊಡನೆ ಒಂದು ಪಟ್ಟಿ ಮೂಡಬೇಕಿತ್ತು. ಒಳಗಿನಿಂದ ಮಾಹಿತಿ ಬರುವುದು ಒಮ್ಮೊಮ್ಮೆ ತಡವಾಗಿ ಪಟ್ಟಿ ಖಾಲಿ ಕಾಣುತ್ತಿತ್ತು. ಇವನು ಒಂದು ಉಪಾಯ ಹೂಡಿದ. ‘300 ಮಿಲಿಸೆಕೆಂಡು ಬಿಟ್ಟು ಪಟ್ಟಿ ತೋರಿಸು’ ಎಂದು ಚೀಟಿ ಬರೆದ. ಅವನ ಫೋನಿನಲ್ಲಿ ಚೊಕ್ಕಟವಾಗಿ ನಡೆಯಿತು. ಸಹೋದ್ಯೋಗಿಗಳ ಫೋನಿನಲ್ಲೂ ನಡೆಯಿತು. ಆ್ಯಪ್ ಹೊರಬಿದ್ದ ವಾರದಲ್ಲಿ ದೂರುಗಳ ರಾಶಿ. ಕಡಿಮೆ ಬೆಲೆಯ ಫೋನುಗಳಲ್ಲಿ ಮಾಹಿತಿ ಬರಲು 300 ಅಲ್ಲ, 900 ಮಿಲಿಸೆಕೆಂಡು ಹಿಡಿಯುತ್ತಿತ್ತು. ಯಾರೋ ಅದನ್ನು 1000ಕ್ಕೆ ಏರಿಸೋಣ ಎಂದರು. ಆಗ ಒಳ್ಳೆಯ ಫೋನಿನವರೂ ಸುಮ್ಮನೆ ಒಂದು ಸೆಕೆಂಡು ಕಾಯಬೇಕಾಯಿತು. ಇನ್ನೂ ಅಗ್ಗದ ಫೋನಿನಲ್ಲಿ ಅದೂ ಸಾಲಲಿಲ್ಲ.

‘ನಮ್ಮ ಹಿರಿಯ ಮೇಡಂ ಕರೆದು ಒಂದೇ ಮಾತು ಹೇಳಿದರು ಮಾವ. ಸ್ವಲ್ಪ ಹೊತ್ತು ಬಿಟ್ಟು ಮಾಡು ಅನ್ನೋದಕ್ಕೂ, ಅದು ಮುಗಿದ ಮೇಲೆ ಮಾಡು ಅನ್ನೋದಕ್ಕೂ ವ್ಯತ್ಯಾಸ ಗೊತ್ತಿಲ್ಲದಿದ್ದರೆ ಈ ಕೆಲಸ ಬಿಡು ಅಂತ.’

ಅಡುಗೆ ಬಲ್ಲ ಯಾವ ಗೃಹಿಣಿಗೂ ಇದನ್ನು ಹೇಳಿಕೊಡಬೇಕಾಗಿಲ್ಲ. ಗಡಿಯಾರ ನೋಡಿ ಅನ್ನದ ಒಲೆ ಆರಿಸುವವರು ಯಾರು? ಅಗುಳು ಹಿಸುಕಿ ನೋಡಿ ಆರಿಸುತ್ತಾರೆ. ಒಲೆ ಬೇರೆ, ಅಕ್ಕಿ ಬೇರೆ, ಹೊತ್ತೂ ಬೇರೆ.

ಎರಡನೆಯ ತಪ್ಪು ಇನ್ನೂ ಸೂಕ್ಷ್ಮ. ಕೆಲಸವನ್ನೇನೋ ಅಡುಗೆಮನೆಗೆ ಕಳಿಸಿದಿರಿ. ಆದರೆ ಮಾಣಿಗೆ ಬೇಕಾದ ಒಂದು ಕೀಲಿಕೈ ಒಳಗಿನ ಪಾತ್ರೆ ತೊಳೆಯುವವನ ಕಿಸೆಯಲ್ಲಿದೆ ಅನ್ನಿ. ಅವನನ್ನು ಭಟ್ಟರು ಬೇರೊಂದು ಕೆಲಸಕ್ಕೆ ಎಳೆದಿದ್ದಾರೆ. ಮಾಣಿ ಬಾಗಿಲಲ್ಲಿ ಕೈಕಟ್ಟಿ ನಿಲ್ಲಬೇಕು. ಎಲ್ಲರಿಗಿಂತ ತುರ್ತಿನವನು ಎಲ್ಲರಿಗಿಂತ ಕೆಳಗಿನವನಿಗೆ ಕಾಯುವ ಈ ಪೇಚಿಗೆ ಒಂದು ಪ್ರಸಿದ್ಧ ಉದಾಹರಣೆ ಇದೆ. ಅದು ನಡೆದದ್ದು ಮಂಗಳ ಗ್ರಹದ ಮೇಲೆ.

1997ರ ಜುಲೈ 4ರಂದು ಅಮೆರಿಕದ ಮಾರ್ಸ್ ಪಾತ್‌ಫೈಂಡರ್ ನೌಕೆ ಮಂಗಳಕ್ಕೆ ಇಳಿಯಿತು. ಗಾಳಿಚೀಲಗಳ ಮೇಲೆ ಪುಟಿಯುತ್ತ ಇಳಿದ ನೌಕೆ ಅದು. ಕೆಲವೇ ದಿನಗಳಲ್ಲಿ ನೌಕೆಯ ಗಣಕ ತನ್ನಷ್ಟಕ್ಕೆ ತಾನೇ ಮತ್ತೆ ಮತ್ತೆ ಮೊದಲಿನಿಂದ ಶುರುವಾಗತೊಡಗಿತು. ಕಾರಣ ಇಷ್ಟು. ನೌಕೆಯೊಳಗೆ ಮಾಹಿತಿ ಸಾಗಿಸುವ ಕೆಲಸ ಬಹಳ ತುರ್ತಿನದು. ಹವಾಮಾನ ದಾಖಲಿಸುವ ಕೆಲಸ ಅತಿ ಕೆಳದರ್ಜೆಯದು. ಇಬ್ಬರಿಗೂ ಬೇಕಾದ ಬೀಗ ಒಂದೇ. ಹವಾಮಾನದವನು ಬೀಗ ಹಿಡಿದಿದ್ದಾಗ ಮಧ್ಯಮ ದರ್ಜೆಯ ಕೆಲಸಗಳು ಅವನನ್ನು ಪಕ್ಕಕ್ಕೆ ತಳ್ಳಿ ನುಗ್ಗುತ್ತಿದ್ದವು. ಅವನು ಬೀಗ ಬಿಡಲಾರ, ತುರ್ತಿನವನು ಮುಂದೆ ಹೋಗಲಾರ. ಗಡುವು ತಪ್ಪಿದ್ದನ್ನು ಕಂಡ ಕಾವಲಿನವನು ಎಲ್ಲವನ್ನೂ ನಿಲ್ಲಿಸಿ ಮತ್ತೆ ಆರಂಭಿಸುತ್ತಿದ್ದ.

ಭೂಮಿಯ ಮೇಲೆ ಪರೀಕ್ಷಿಸುವಾಗಲೂ ಇದು ಒಮ್ಮೊಮ್ಮೆ ತಲೆಹಾಕಿತ್ತಂತೆ. ಬೇಕೆಂದು ಹುಡುಕಿದಾಗ ಮಾತ್ರ ಕೈಗೆ ಸಿಕ್ಕಿರಲಿಲ್ಲ. ನೌಕೆ ಇಳಿದ ಮೇಲೆ ಕ್ಯಾಲಿಫೋರ್ನಿಯಾದ ಜೆಟ್ ಪ್ರೊಪಲ್ಷನ್ ಪ್ರಯೋಗಾಲಯದ ಎಂಜಿನಿಯರುಗಳು ತಮ್ಮಲ್ಲಿದ್ದ ಪ್ರತಿಕೃತಿಯಲ್ಲಿ ಅದೇ ತೊಂದರೆಯನ್ನು ಮತ್ತೆ ಬರಿಸಿ ಹಿಡಿದರು. ಮದ್ದು ಆಶ್ಚರ್ಯವೆನ್ನುವಷ್ಟು ಚಿಕ್ಕದು. ತುರ್ತಿನವನು ಕಾಯುತ್ತಿರುವಷ್ಟು ಹೊತ್ತು, ಬೀಗ ಹಿಡಿದ ಬಡಪಾಯಿಗೂ ಅವನದೇ ದರ್ಜೆ ಕೊಡುವುದು. ಆಗ ಮಧ್ಯದವರು ಅವನನ್ನು ತಳ್ಳುವಂತಿಲ್ಲ. ಬೇಗ ಮುಗಿಸಿ ಬೀಗ ಬಿಡುತ್ತಾನೆ. ಆ ಸೌಲಭ್ಯ ನೌಕೆಯ ತಂತ್ರಾಂಶದಲ್ಲಿ ಮೊದಲೇ ಇತ್ತು, ಚಾಲೂ ಮಾಡಿರಲಿಲ್ಲ ಅಷ್ಟೇ. ಕೋಟ್ಯಂತರ ಕಿಲೋಮೀಟರು ದೂರಕ್ಕೆ ತಿದ್ದುಪಡಿ ಕಳಿಸಿದರು. ನೌಕೆ ಸುಧಾರಿಸಿತು. ಎಷ್ಟೋ ಆ್ಯಪ್‌ಗಳ ಮುಖ್ಯ ಎಳೆ ಇಂದಿಗೂ ಇಂಥದೇ ಬೀಗದ ಮುಂದೆ ಕೈಕಟ್ಟಿ ನಿಲ್ಲುತ್ತದೆ. ಮಂಗಳಕ್ಕೆ ಕಳಿಸಿದವರ ಎಚ್ಚರ ಎಲ್ಲರಿಗೂ ಇರಬೇಕಲ್ಲ!

ಇನ್ನೊಂದು ಸಂಗತಿ ಕನ್ನಡಿಗರಾದ ನಮಗೆ ನೇರವಾಗಿ ಸಂಬಂಧಿಸಿದ್ದು. ಇಂಗ್ಲಿಷಿನ ಅಕ್ಷರಗಳನ್ನು ಫೋನು ಮಣಿ ಪೋಣಿಸಿದಂತೆ ಸಾಲಾಗಿ ಇಟ್ಟುಕೊಂಡು ಹೋಗುತ್ತದೆ. ಕನ್ನಡ ಹಾಗಲ್ಲ. ‘ಸ್ತ್ರೀ’ ಎಂಬ ಒಂದು ಅಕ್ಷರ ನಮ್ಮ ಕಣ್ಣಿಗೆ ಒಂದೇ. ಯಂತ್ರಕ್ಕೆ ಅದು ಆರು ತುಣುಕು: ಸ, ಅರ್ಧಾಕ್ಷರದ ಗುರುತು, ತ, ಮತ್ತೆ ಅದೇ ಗುರುತು, ರ, ಕೊನೆಗೆ ಈ ಕಾರದ ಗುಣಿತ. ಯಾವುದು ತಲೆಯ ಮೇಲೆ, ಯಾವುದು ಕಾಲಡಿ, ಯಾವುದು ಪಕ್ಕಕ್ಕೆ ಎಂದು ನಿಯಮ ನೋಡಿ ಜೋಡಿಸಬೇಕು. ‘ಅರ್ಕ’ ಎಂದು ಬರೆದರೆ ಮೊದಲು ಉಚ್ಚರಿಸಿದ ರಕಾರ ಹಿಂದಕ್ಕೆ ಹೋಗಿ ಅರ್ಕಾವೊತ್ತಾಗಿ ಕೂರಬೇಕು. ಆಮೇಲೆ ಸಾಲು ಎಲ್ಲಿ ಮುರಿಯಬೇಕೆಂಬ ಅಳತೆ. ಇದನ್ನೆಲ್ಲ ಸಾಮಾನ್ಯವಾಗಿ ಮಾಡುವವನು ಅದೇ ಮಾಣಿ. ಉದ್ದನೆಯ ಕನ್ನಡ ಬರಹಗಳ ಪಟ್ಟಿಯನ್ನು ಬೆರಳಿನಿಂದ ಜಾರಿಸಿದಾಗ ಅವನಿಗೆ ಬೆವರು ಕಿತ್ತುಬರುತ್ತದೆ. 2018ರ ಆಂಡ್ರಾಯ್ಡ್ 9ರಲ್ಲಿ ಈ ಜೋಡಣೆ, ಅಳತೆಗಳನ್ನು ಮೊದಲೇ ಒಳಗೆ ಮಾಡಿಸಿಕೊಂಡು ಸಿದ್ಧ ಸಾಲುಗಳನ್ನಷ್ಟೇ ಮಾಣಿಯ ಕೈಗೆ ಕೊಡುವ ಸೌಲಭ್ಯ ಬಂತು. ಬಳಸುವವರು ಬಳಸುತ್ತಾರೆ. ಇಂಗ್ಲಿಷಿನಲ್ಲಿ ಮಾತ್ರ ಪರೀಕ್ಷಿಸುವವರಿಗೆ ಅದರ ಅಗತ್ಯವೇ ಕಾಣುವುದಿಲ್ಲ.

ಕಾಣುವುದಿಲ್ಲ ಎಂಬುದೇ ಈ ಎಲ್ಲ ಕತೆಯ ತಿರುಳು. ಬರೆಯುವವನ ಕೈಯಲ್ಲಿ ಇರುವುದು ಹೊಸ ಫೋನು. ಸುತ್ತ ಒಳ್ಳೆಯ ಇಂಟರ್ನೆಟ್ಟು. ಗಾರೆಯವರ ಕೈಯಲ್ಲಿದ್ದದ್ದು ನಾಲ್ಕು ವರ್ಷದ ಹಳೆಯ, ಗಾಜು ಬಿರುಕುಬಿಟ್ಟ ಅಗ್ಗದ ಫೋನು. ಅಂಥ ಫೋನಿನ ನೆನಪಿನ ಕೋಶ ಚಿಕ್ಕದು, ಉಗ್ರಾಣ ನಿಧಾನ, ತುಂಬ ಮಕ್ಕಳ ಫೋಟೋ. ಅಲ್ಲಿ 10 ಮಿಲಿಸೆಕೆಂಡಿನ ಕೆಲಸ ಇಲ್ಲಿ 100 ಆಗಬಹುದು. ಅಲ್ಲಿ ಕಾಣದ ಮುಳ್ಳು ಇಲ್ಲಿ ಪಾದದಲ್ಲಿ ಮುರಿಯುತ್ತದೆ.

ಗೂಗಲ್‌ನವರಿಗೂ ಇದು ಗೊತ್ತಿದೆ. ಅವರ ಆ್ಯಪ್ ಅಂಗಡಿಯಲ್ಲಿ ಒಂದು ಲಕ್ಷ್ಮಣರೇಖೆ ಇದೆ. ದಿನವೂ ಬಳಸುವವರಲ್ಲಿ ಶೇಕಡಾ 0.47ರಷ್ಟು ಅಥವಾ ಅದಕ್ಕಿಂತ ಹೆಚ್ಚು ಮಂದಿಗೆ ಆ್ಯಪ್ ಹೀಗೆ ಕಣ್ಣೆದುರೇ ಕಲ್ಲಾದರೆ ಆ ಆ್ಯಪ್‌ಗೆ ಅಂಗಡಿಯಲ್ಲಿ ಹಿಂದಿನ ಸಾಲಿನ ಶಿಕ್ಷೆ. ಅಂದರೆ ಸಾವಿರಕ್ಕೆ ಐವರೂ ಇಲ್ಲ. ಭಲೇ ಅನ್ನಿಸುತ್ತದೆ ಅಲ್ಲವೇ? ಆದರೆ ಸರಾಸರಿ ಎಂಬುದು ಬಲು ಮೋಸದ ಪ್ರಾಣಿ. ಒಳ್ಳೆಯ ಫೋನಿನ ಸಾವಿರಾರು ಮಂದಿ ಸುಖವಾಗಿದ್ದರೆ, ಒಂದು ಅಗ್ಗದ ಫೋನಿನ ನೂರು ಮಂದಿಯ ಗೋಳು ಅದರಲ್ಲಿ ಮುಳುಗಿಹೋಗುತ್ತದೆ. ಅದಕ್ಕೇ 2022ರಿಂದ ಇನ್ನೊಂದು ರೇಖೆ ಸೇರಿಸಿದರು. ಯಾವುದೇ ಒಂದು ಮಾದರಿಯ ಫೋನನ್ನು ಪ್ರತ್ಯೇಕವಾಗಿ ತೆಗೆದುಕೊಂಡಾಗ ಶೇಕಡಾ 8 ದಾಟಬಾರದು. ದಾಟಿದರೆ ಆ ಫೋನಿನವರಿಗೆ ಎಚ್ಚರಿಕೆ ತೋರಿಸಬಹುದು. ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಒಟ್ಟು ಲೆಕ್ಕದಲ್ಲಿ ಸಾವಿರಕ್ಕೆ ಐವರೇ ಹೆಚ್ಚು. ಒಂದು ಬಡ ಮಾದರಿಯಲ್ಲಿ ನೂರಕ್ಕೆ ಎಂಟರವರೆಗೂ ಸಹಿಸಬಹುದು! ಮೊದಲು ಯಾವ ರೇಖೆಯೂ ಇರಲಿಲ್ಲ ಎಂಬುದನ್ನು ನೆನೆದರೆ ಇದೂ ಒಂದು ಹೆಜ್ಜೆಯೇ ಸರಿ.

ಕೊನೆಗೆ ನನ್ನನ್ನು ಕಾಡುತ್ತಿದ್ದ ಮುಖ್ಯ ಪ್ರಶ್ನೆ ಕೇಳಿದೆ. ‘ಪರದೆ ಕಲ್ಲಾಗಿತ್ತು. ಹಣ ಹೇಗೆ ಹೋಯಿತು?’

‘ಹಣ ಕಳಿಸೋದು ಒಳಗಿನವರ ಕೆಲಸ ಮಾವ. ಪಿನ್ ಒತ್ತಿದ ಮೇಲೆ ಅವರು ಕಳಿಸಿರ್ತಾರೆ. ಬ್ಯಾಂಕಿನಿಂದ ಬ್ಯಾಂಕಿಗೆ ಹೊರಟಿರುತ್ತೆ. ಹೋಯಿತು ಅಂತ ಬಂದು ಹೇಳಬೇಕಾದವನು ಮಾತ್ರ ಸಿಕ್ಕಿಹಾಕಿಕೊಂಡಿರ್ತಾನೆ.’

ಇಷ್ಟೇ ವಿಷಯ. ಫೋನಿನ ಮೌನವನ್ನು ನಾವು ‘ಆಗಲಿಲ್ಲ’ ಎಂದು ಓದಿಕೊಳ್ಳುತ್ತೇವೆ. ಅದರ ಅರ್ಥ ‘ಹೇಳಲಾಗುತ್ತಿಲ್ಲ’ ಎಂದಷ್ಟೇ. ಅಷ್ಟೇ ಅಲ್ಲ, ಕಲ್ಲಾದ ಪರದೆಯ ಮೇಲೆ ನೀವು ಒತ್ತಿದ್ದೆಲ್ಲ ವ್ಯರ್ಥವೆಂದು ತಿಳಿಯಬೇಡಿ. ಪ್ರತಿ ಒತ್ತೂ ಒಂದು ಚೀಟಿಯಾಗಿ ಸಾಲಿನಲ್ಲಿ ಕಾದಿರುತ್ತದೆ. ಮಾಣಿ ಬಿಡುಗಡೆಯಾದೊಡನೆ ಒಂದೊಂದನ್ನೇ ಎತ್ತಿ ನಡೆಸಿಕೊಡುತ್ತಾನೆ. ಅದಕ್ಕೇ ಬಲ್ಲವರು ಬರೆದ ಆ್ಯಪ್‌ನಲ್ಲಿ ಮೊದಲ ಒತ್ತಿಗೇ ಗುಂಡಿ ಮಂಕಾಗುತ್ತದೆ, ಎರಡನೆಯದನ್ನು ಸ್ವೀಕರಿಸುವುದಿಲ್ಲ. ಪ್ರತಿ ಪಾವತಿಗೂ ಒಂದೇ ಒಂದು ಗುರುತಿನ ಸಂಖ್ಯೆ ಇರುತ್ತದೆ. ಅದೇ ಸಂಖ್ಯೆ ಎರಡು ಸಲ ಬಂದರೆ ಒಂದೇ ಎಂದು ಲೆಕ್ಕ. ಆದರೆ ಆ್ಯಪ್ ಮುಚ್ಚಿ ಹೊಸದಾಗಿ ಪಾವತಿ ಮಾಡಿದರೆ ಅದು ಹೊಸ ಸಂಖ್ಯೆ. ಅಲ್ಲಿಗೆ ಎರಡು ಪಾವತಿ.

ಆದ್ದರಿಂದ ಪಿನ್ ಒತ್ತಿದ ಮೇಲೆ ಪರದೆ ನಿಂತರೆ ಕೂಡಲೇ ಮತ್ತೆ ಕಳಿಸಬೇಡಿ. ಬ್ಯಾಂಕಿನ ಎಸ್ಸೆಮ್ಮೆಸ್ ನೋಡಿ. ಆ್ಯಪ್ ಮುಚ್ಚಿ ತೆರೆದರೂ ಸರಿ, ಮೊದಲು ಹಳೆಯ ಪಾವತಿಗಳ ಪಟ್ಟಿಯಲ್ಲಿ ಹೋಯಿತೋ ಬಾಕಿಯೋ ನೋಡಿ. ತುರ್ತಿದ್ದರೆ ಅಂಗಡಿಯವರೊಡನೆ ಬಾಯಿಬಿಟ್ಟು ಹೇಳಿ. ಯಂತ್ರ ಮಾತಾಡದಿದ್ದಾಗ ಮನುಷ್ಯರು ಮಾತಾಡಬಹುದಲ್ಲ.

ಅಂದು ರಾತ್ರಿ ಡಬ್ಬಿ ಎರಡನೆಯ ಸಲ ಕೂಗಿದಾಗ ಅಂಗಡಿಯವರು ಗಲ್ಲಾದಿಂದ 640 ರೂಪಾಯಿ ಎಣಿಸಿ ಹಳೆಯ ಮಾತ್ರೆಯ ಲಕೋಟೆಯೊಂದರಲ್ಲಿ ಹಾಕಿದರು. ಹೆಸರು ಗೊತ್ತಿರಲಿಲ್ಲ. ಮೇಲೆ ‘ಗಾರೆಯವರು, ಇನ್‌ಹೇಲರ್’ ಎಂದು ಬರೆದು ಮೊಳೆಗೆ ಚುಚ್ಚಿದರು. ನನ್ನ ಮಾತ್ರೆ ಕೊಡುವ ಮೊದಲು ಮಾಡಿದ ಕೆಲಸ ಅದು. ಯಾವ ಚೀಟಿ ಮೊದಲು ಎಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಮೂರನೆಯ ದಿನ ಆತ ಬಂದು ಲಕೋಟೆ ಒಯ್ದರಂತೆ. ಮಗಳು ಶಾಲೆಗೆ ಹೊರಟಿದ್ದಳಂತೆ. ಅಕ್ಕನ ಮಗನಿಗೆ ಇದನ್ನು ಹೇಳಿದೆ. ಅವನು ಏನೂ ಮಾತಾಡಲಿಲ್ಲ. ಹಬ್ಬ ಮುಗಿಸಿ ಹೊರಡುವಾಗ ಮಾತ್ರ ಒಂದು ಬೇಡಿಕೆ ಮುಂದಿಟ್ಟ.

‘ಮಾವ, ನಿಮ್ಮ ಹಳೇ ಫೋನು ಕಪಾಟಿನಲ್ಲಿ ಸುಮ್ಮನೆ ಬಿದ್ದಿದೆಯಲ್ಲ, ತಗೊಂಡು ಹೋಗಲಾ? ಇನ್ನು ಮೇಲೆ ನಾನು ಬರೆದದ್ದನ್ನೆಲ್ಲ ಮೊದಲು ಅದರಲ್ಲಿ ಓಡಿಸಿ ನೋಡ್ತೀನಿ.’

ಚಾರ್ಜರು ಸಮೇತ ಕೊಟ್ಟು ಕಳಿಸಿದೆ.